ಚಟಗಳು: ಇಲ್ಲ

ಮೊನ್ನೆ ಅವ್ವನನ್ನು ಗರ್ಭಕೋಶದ ಆಪರೇಷನ್ನಿಗೆಂದು ಶಹಾಪುರದ ಒಂದು ಆಸ್ಪತ್ರೆಗೆ ಸೇರಿಸಿದೆ. ನಾನು ನರ್ಸಿಂಗ್ ಓದು ಮುಗಿಸಿ ಮೊದಲು ನೌಕರಿ ಮಾಡಿದ ಆಸ್ಪತ್ರೆಯೇ ಅದು. ಹೆಸರು ಬರೆಯುವುದಿಲ್ಲ. ಮುಂದೆ ಹೇಳುವ ತಪ್ಪು ಆಸ್ಪತ್ರೆಯದಲ್ಲ, ನನ್ನದು.

ಡ್ಯೂಟಿಯಲ್ಲಿದ್ದ ಸಿಸ್ಟರ್ ಕೇಸ್ ಶೀಟು ಹಿಡಿದು ಬಂದು ಅವ್ವನ ಮಂಚದ ಪಕ್ಕ ನಿಂತಳು. ವಯಸ್ಸು ಕೇಳಿದಳು, ಸಕ್ಕರೆ ಕಾಯಿಲೆ ಇದೆಯೇ ಎಂದು ಕೇಳಿದಳು, ಹಿಂದೆ ಆಪರೇಷನ್ ಆಗಿದೆಯೇ ಎಂದು ಕೇಳಿದಳು. ಎಲ್ಲಕ್ಕೂ ಅವ್ವನೇ ಉತ್ತರ ಕೊಟ್ಟಳು. ಆಮೇಲೆ ಒಂದು ಸಾಲಿಗೆ ಬಂದಾಗ ಸಿಸ್ಟರ್ ಅವ್ವನನ್ನು ಬಿಟ್ಟು ನನ್ನ ಕಡೆ ತಿರುಗಿದಳು.

"ಅಮ್ಮಾರಿಗೆ ಚಟ-ಗಿಟ ಏನೂ ಇಲ್ಲಲ್ರಿ ಮೇಡಂ?"

ಉತ್ತರವನ್ನೂ ಅವಳೇ ಪ್ರಶ್ನೆಯೊಳಗೆ ಸೇರಿಸಿಬಿಟ್ಟಿದ್ದಳು. ಪೆನ್ನಿನ ಮೊನೆ ಆಗಲೇ ಕಾಗದದ ಮೇಲಿತ್ತು. ಅವ್ವ ಗೋಡೆಯ ಕಡೆ ಮುಖ ತಿರುಗಿಸಿ, ಬಾಯಲ್ಲಿದ್ದ ಲವಂಗವನ್ನು ಒಂದು ದವಡೆಯಿಂದ ಇನ್ನೊಂದು ದವಡೆಗೆ ಸರಿಸಿದಳು. ಲವಂಗದ ವಾಸನೆ ನನ್ನ ಮೂಗಿಗೆ ಬಂತು. ನನ್ನ ನಾಲಗೆಯ ತುದಿಯಲ್ಲಿ 'ಇಲ್ಲ' ಸಿದ್ಧವಾಗಿತ್ತು.

ಇದೇ ವಾರ್ಡಿನಲ್ಲಿ, ಕಿಟಕಿಯ ಪಕ್ಕದ ಮಂಚದ ಹತ್ತಿರ ನಿಂತು, ಆ ಮಾತನ್ನು ನಾನು ಒಮ್ಮೆ ಬರೆದಿದ್ದೆ. ನನ್ನ ದುಂಡನೆಯ ಅಕ್ಷರದಲ್ಲಿ.

ಅದು ನನ್ನ ನೌಕರಿಯ ಮೊದಲ ವರ್ಷ, ಹತ್ತಿ ಬಿಡಿಸುವ ಹಂಗಾಮು. ದೀಪಾವಳಿ ಕಳೆದು ಬೆಳಗಿನ ಚಳಿ ಶುರುವಾಗಿತ್ತು. ಕಕ್ಕೇರಾ, ಹುಣಸಗಿ ಕಡೆಯಿಂದ ಹೆಣ್ಣುಮಕ್ಕಳನ್ನು ತುಂಬಿಕೊಂಡ ಟ್ರ್ಯಾಕ್ಟರುಗಳು ಹೊತ್ತು ಹುಟ್ಟುವ ಮೊದಲೇ ರಸ್ತೆಗೆ ಇಳಿಯುತ್ತಿದ್ದವು. ಸಂಜೆ ಅವೇ ಟ್ರಾಲಿಗಳು ಹತ್ತಿ ಹೇರಿಕೊಂಡು ಹೋಗುವಾಗ ರಸ್ತೆಯ ಬದಿಯ ಜಾಲಿ ಮುಳ್ಳಿಗೆಲ್ಲ ಬಿಳಿ ಎಳೆ ಸಿಕ್ಕಿಕೊಳ್ಳುತ್ತಿತ್ತು. ಗಾಳಿ ಬೀಸಿದರೆ ಆ ಎಳೆಗಳು ವಾರ್ಡಿನೊಳಗೂ ಬರುತ್ತಿದ್ದವು. ದಿನಕ್ಕೆ ಎರಡು ಸಲ ಗುಡಿಸಿದರೂ ಮಂಚದ ಕೆಳಗೆ ಹತ್ತಿ.

ನಾನು ಕೊಂಕಲ್ ಕಡೆಯವಳು. ಅಪ್ಪ ಕಲ್ಲು ಒಡೆದ, ಅವ್ವ ಕಂಡವರ ಹೊಲದಲ್ಲಿ ಕಳೆ ತೆಗೆದಳು, ಮೆಣಸಿನಕಾಯಿ ಹರಿದಳು, ಹತ್ತಿ ಬಿಡಿಸಿದಳು. ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೇ ಮೊದಲು. ಇದನ್ನು ಹೇಳಲು ನನಗೆ ನಾಚಿಕೆಯಿಲ್ಲ, ಎಲ್ಲಿ ಬೇಕಾದರೂ ಹೇಳುತ್ತೇನೆ. ನಾಚಿಕೆ ಇದ್ದದ್ದು ಬೇರೆ ವಿಷಯಕ್ಕೆ.

ನರ್ಸಿಂಗ್ ಓದುವಾಗ ಒಂದು ದಿನ ಕಲಬೆರಕೆ ಸೇಂದಿಯ ಪಾಠ ಇತ್ತು. ಸೇಂದಿ ಅಂದರೆ ಈಚಲ ಮರದಿಂದ ಇಳಿಸಿದ್ದು ಎಂಬ ಕಾಲ ಹೋಗಿದೆ. ಈಗ ಸೀಸೆಯಲ್ಲಿ ಸಿಗುವ ಬಿಳಿ ನೀರಿನಲ್ಲಿ ಮರದ್ದು ಹನಿ ಇದ್ದರೆ ಹೆಚ್ಚು. ಉಳಿದದ್ದು ಮತ್ತಿನ ಪುಡಿ, ನಿದ್ದೆ ಗುಳಿಗೆ. ವರ್ಷಗಟ್ಟಲೆ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ, ಅಷ್ಟು ವರ್ಷ ಒತ್ತಿ ಮಲಗಿಸಿದ್ದ ನರಗಳೆಲ್ಲ ಒಟ್ಟಿಗೆ ಎದ್ದು ಕೂರುತ್ತವೆ. ನಡುಕ, ಬೆವರು, ಇಲ್ಲದ್ದು ಕಾಣುವುದು, ಫಿಟ್ಸು. ಸಾವೂ ಬರಬಹುದು. ಪಾಠ ಹೇಳುತ್ತಿದ್ದ ಮೇಡಂ "ಇದು ಯಾದಗಿರಿ, ರಾಯಚೂರು ಕಡೆ ಹೆಚ್ಚು" ಎಂದರು. ಇಡೀ ತರಗತಿ ನನ್ನ ಕಡೆ ತಿರುಗಿತು. ಹಿಂದಿನ ಬೆಂಚಿನಿಂದ ಒಬ್ಬಳು ಪಿಸುಗುಟ್ಟಿದಳು: "ಯಾಕಲೇ, ನಿಮ್ಮೂರಾಗ ಕೂಸಿಗೆ ಹಾಲಿನ ಬಾಟಲಿ ಕೊಡ್ತಾರೋ, ಸೇಂದಿ ಬಾಟಲಿ ಕೊಡ್ತಾರೋ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ನಗುವೇ ಇಂದಿಗೂ ನನ್ನನ್ನು ಚುಚ್ಚುತ್ತದೆ. ಹೊಲದಿಂದ ಬಂದು ನನ್ನನ್ನು ಅಪ್ಪಿಕೊಳ್ಳುತ್ತಿದ್ದ ಅವ್ವನ ಸೆರಗಿನಲ್ಲಿ ಲವಂಗದ ವಾಸನೆ ಇರುತ್ತಿತ್ತು, ಅದರ ಕೆಳಗೆ ಹುಳಿ ಬಂದ ಅನ್ನದ ಗಂಜಿಯಂಥ ಇನ್ನೊಂದು ವಾಸನೆ. ಬಹಳ ವರ್ಷ ನಾನು ಅದನ್ನು ಅವ್ವನ ಮೈಯ ವಾಸನೆ ಎಂದೇ ತಿಳಿದಿದ್ದೆ.

ದೇವಿಕೆಮ್ಮ ಬಂದದ್ದು ಒಂದು ಸೋಮವಾರದ ಬೆಳಿಗ್ಗೆ. ನಾಲ್ಕು ಹೆಣ್ಣುಮಕ್ಕಳು ಅವಳನ್ನು ಕೌದಿಯಲ್ಲಿ ಹೊತ್ತು ತಂದರು. ಕಕ್ಕೇರಾ ಕಡೆಯ ಹತ್ತಿ ಬಿಡಿಸುವ ಗುಂಪಿಗೆ ಅವಳೇ ಮುಂದಾಳು. ಟ್ರಾಲಿಯಿಂದ ಇಳಿಯುವಾಗ ಬಿದ್ದು ತೊಡೆಯ ಮೂಳೆ ಮುರಿದಿತ್ತು. ಹಿಂದೆ ಅವಳ ಗಂಡ ನಿಂಗಪ್ಪ, ಹೆಂಡತಿಯ ಚಪ್ಪಲಿಗಳನ್ನು ಎರಡೂ ಕೈಯಲ್ಲಿ ಪ್ರಸಾದದ ಹಾಗೆ ಹಿಡಿದುಕೊಂಡು ಬಂದಿದ್ದ.

ನಾನು ಕೇಸ್ ಶೀಟು ತೆಗೆದು ಗಂಡನನ್ನು ಕೇಳತೊಡಗಿದೆ. ಮಂಚದ ಮೇಲಿಂದ ದನಿ ಬಂತು.

"ಸಿಸ್ಟರವ್ವ, ನನ್ನ ಕಾಲು ಮುರದೈತಿ, ಬಾಯಿ ಮುರದಿಲ್ಲ. ನನ್ನ ಕೇಳು. ಅಂವಗ ನನ್ನ ವಯಸ್ಸೂ ಗೊತ್ತಿಲ್ಲ."

"ಎಷ್ಟ್ರಿ ವಯಸ್ಸು?"

"ನನಗೂ ಗೊತ್ತಿಲ್ಲ."

ಹೊತ್ತು ತಂದ ಹೆಣ್ಣುಮಕ್ಕಳು ನಕ್ಕರು. ಅಷ್ಟು ನೋವಿನಲ್ಲೂ ಅವಳೂ ನಕ್ಕಳು. ನಾನು ಬಿಪಿ ನೋಡಲು ತೋಳಿಗೆ ಪಟ್ಟಿ ಸುತ್ತುತ್ತಾ ಬಾಗಿದೆ. ಲವಂಗ. ಅದರ ಕೆಳಗೆ ಆ ಹುಳಿ. ಚಾಚಿದ ಬೆರಳುಗಳ ತುದಿ ಸಣ್ಣಗೆ ನಡುಗುತ್ತಿತ್ತು.

ನನಗೆ ಗೊತ್ತಾಯಿತು. ಊಹೆಯಲ್ಲ, ಗೊತ್ತಾಯಿತು.

ಶೀಟಿನಲ್ಲಿ 'ಚಟಗಳು' ಎಂಬ ಸಾಲು ಬಂತು. ನಮ್ಮ ಕಡೆ ಆ ಸಾಲು ಗಂಡಸರದ್ದು. ಹೆಂಗಸರ ಸೇಂದಿಯನ್ನು ಯಾರೂ ಕುಡಿತದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ದಣಿವಿಗೆ, ಸೊಂಟನೋವಿಗೆ, ನಿದ್ದೆಗೆ. ಹೆಂಗಸಿಗೆ ಆ ಪ್ರಶ್ನೆ ಹಾಕಿದರೆ ಅವಳ ಮರ್ಯಾದೆ ತೆಗೆದಂತೆ. ಇದು ನಾನು ಆಗ ನನಗೆ ಹೇಳಿಕೊಂಡ ಕಾರಣ. ನಿಜವಾದ ಕಾರಣ ಬೇರೆ. ಪಕ್ಕದ ಮಂಚದ ಹತ್ತಿರ ಬೇರೆ ಊರಿಂದ ಬಂದ ಇಬ್ಬರು ನರ್ಸುಗಳಿದ್ದರು. ನಾನು ಕೇಳಿ, ಅವಳು ಹೌದೆಂದರೆ, ಅವರು ನನ್ನ ಕಡೆ ತಿರುಗುತ್ತಾರೆ ಎಂದು ಹೆದರಿದೆ. ನಿಮ್ಮ ಕಡೆಯವರು ಅನ್ನುತ್ತಾರೆ ಎಂದು ಹೆದರಿದೆ. ಕೇಳದೆಯೇ 'ಇಲ್ಲ' ಎಂದು ಬರೆದು ಸಹಿ ಮಾಡಿದೆ.

ಮೊದಲ ದಿನ ದೇವಿಕೆಮ್ಮ ವಾರ್ಡನ್ನೇ ತನ್ನ ಟ್ರಾಲಿ ಮಾಡಿಕೊಂಡಳು. ಯಾರು ಉಂಡರು, ಯಾರು ಉಣ್ಣಲಿಲ್ಲ ಎಂದು ಮಲಗಿದಲ್ಲಿಂದಲೇ ವಿಚಾರಿಸಿದಳು. ಎರಡನೆಯ ದಿನ ಆ ಚಳಿಯಲ್ಲಿ ಅವಳ ಕುಪ್ಪಸ ಬೆವರಿಗೆ ತೊಯ್ದಿತ್ತು. ರೊಟ್ಟಿ ಮುಟ್ಟಲಿಲ್ಲ. "ನಿದ್ದಿ ಹತ್ತವಲ್ದವ್ವ, ಕಣ್ಣು ಮುಚ್ಚಿದ್ರ ಮೈ ಜುಂ ಅಂತೈತಿ" ಎಂದಳು. ನಾಡಿ ಓಡುತ್ತಿತ್ತು. ಡಾಕ್ಟರು ಬಂದು ನೋಡಿ ನೋವಿನದಿರಬಹುದು, ಜ್ವರದ್ದಿರಬಹುದು ಎಂದು ರಕ್ತ ಪರೀಕ್ಷೆಗೆ ಬರೆದರು.

ನಮ್ಮ ವಾರ್ಡಿನ ಹಿರಿಯ ಸಿಸ್ಟರ್ ಸುವಾರ್ತಮ್ಮ. ಮೂವತ್ತು ವರ್ಷ ರೋಗಿಗಳ ಮಧ್ಯೆ ಸವೆದ ಕೈ ಅವರದು. ಅವರು ದೇವಿಕೆಮ್ಮನ ಬೆರಳುಗಳನ್ನೇ ನೋಡುತ್ತಾ ನನ್ನನ್ನು ಕೇಳಿದರು:

"ಈಕಿ ಏನರ ಕುಡಿತಾಳೇನ?" ಆಮೇಲೆ ಶೀಟು ತಿರುವಿದರು. "ಇಲ್ಲಂತ ಬರದೀಯಲ್ಲ. ನೀ ಕೇಳಿದ್ದಿ ಅಂದ್ರ ಸರಿ ಬಿಡು."

ಆಗಲಾದರೂ ಹೇಳಬಹುದಿತ್ತು. ಹೇಳಲಿಲ್ಲ. ಮೊದಲನೆಯದು ತಪ್ಪು, ಎರಡನೆಯದಕ್ಕೆ ನಾನು ಇಂದಿಗೂ ಹೆಸರು ಇಟ್ಟಿಲ್ಲ.

ಮೂರನೆಯ ದಿನ, ಬುಧವಾರ, ಮಧ್ಯಾಹ್ನದ ಊಟದ ಹೊತ್ತು. ನಾನು ಗುಳಿಗೆ ಹಂಚುತ್ತಾ ಕಿಟಕಿಯ ಮಂಚದ ಹತ್ತಿರ ಬಂದಾಗ ದೇವಿಕೆಮ್ಮ ಹತ್ತಿ ಬಿಡಿಸುತ್ತಿದ್ದಳು.

ಹೊದಿಕೆಯಿಂದ. ಎರಡೂ ಕೈಗಳಿಂದ, ಚಕಚಕನೆ, ಮೂರು ಬೆರಳು ಕೂಡಿಸಿ, ಇಲ್ಲದ ಕಾಯಿಯಿಂದ ಇಲ್ಲದ ಹತ್ತಿ ಎಳೆದು ಉಡಿಗೆ ತುಂಬಿಕೊಳ್ಳುತ್ತಿದ್ದಳು. ಮುಳ್ಳು ತಾಗಿದಂತೆ ಆಗಾಗ ಬೆರಳು ಕೊಡವಿ ಬಾಯಿಗೆ ಇಟ್ಟುಕೊಳ್ಳುತ್ತಿದ್ದಳು. ಅಷ್ಟು ಚಂದದ ಕೈಗೆಲಸವನ್ನು ನಾನು ಅವ್ವನಲ್ಲಿ ಮಾತ್ರ ಕಂಡಿದ್ದೆ.

"ಬಗ್ಗಿ ನಿಂದ್ರಬ್ಯಾಡ್ರೇ, ಹೊತ್ತು ಮುಳಗಾಕತ್ತೈತಿ. ಆ ಸಾಲು ಬಿಡಬ್ಯಾಡ್ರಿ. ಏ ತಂಗೀ, ಕಾಲಾಗ ಹಾವೈತಿ! ಹಾವೈತಿ ಸರೀ!" ಎಂದು ಚೀರಿ ಮುರಿದ ಕಾಲನ್ನೇ ಮಂಚದಿಂದ ಕೆಳಗಿಡಲು ಹೋದಳು.

ನಿಂಗಪ್ಪ ಅವಳ ಚಪ್ಪಲಿಯಿಂದಲೇ ಹಾಸಿಗೆಗೆ ಪಟಪಟ ಹೊಡೆದ. "ಹೊಡದೆ ನೋಡು! ಸತ್ತಿತು ನೋಡು!"

"ಅವ್ವನ ಹೊಡದಿ, ಮರಿ ನೋಡಲ್ಲಿ! ಮರಿ ಎಷ್ಟ್ ಅದಾವ ನೋಡಲ್ಲಿ!"

ಊರಿಂದ ಬಂದಿದ್ದ ಅವಳ ತಮ್ಮ ಬಾಗಿಲಲ್ಲಿದ್ದ. "ಇದು ಗಾಳಿ. ಹೊಲದಾಗ ಬಡದೈತಿ. ಇಲ್ಲಿ ಇಟ್ರ ಉಳಿಯಂಗಿಲ್ಲ. ಸುರಪುರ ಕಡೆ ಒಬ್ರು ದಾರ ಕಟ್ತಾರ, ಟಂಟಂ ಗಾಡಿ ತರ್ತೀನಿ" ಎಂದು ಹೊರಗೆ ಓಡಿದ. ಅವನಲ್ಲಿ ಕೆಟ್ಟದ್ದಿರಲಿಲ್ಲ. ಅವನಿಗೂ ನನ್ನಷ್ಟೇ ಹೆದರಿಕೆ. ಆದರೆ ಅವಳು ಆ ಟಂಟಂ ಹತ್ತಿದರೆ ದಾರಿಯಲ್ಲೇ ಸಾಯುತ್ತಾಳೆಂದು ಆ ವಾರ್ಡಿನಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಯಾಕೆಂದರೆ ಗೊತ್ತಾಗುವ ದಾರಿಯನ್ನು ಉಳಿದವರಿಗೆಲ್ಲ ಮುಚ್ಚಿದವಳೂ ನಾನೇ.

ಇಂಜೆಕ್ಷನ್ ಕೋಣೆಗೆ ಓಡಿದೆ. ಸುವಾರ್ತಮ್ಮ ಟ್ರೇ ಜೋಡಿಸುತ್ತಿದ್ದರು.

"ಸಿಸ್ಟರ್, ಆಕಿ ಸೇಂದಿ ಕುಡಿತಾಳ್ರಿ. ನನಗ ಮೊದಲನೇ ದಿನಾನೇ ವಾಸನಿ ಬಂದಿತ್ತು. ನಾ ಕೇಳಿಲ್ರಿ. ಕೇಳದೇ ಬರದೀನ್ರಿ."

ಬೈಗುಳಕ್ಕೆ ಕಾದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿದರು, ಅಷ್ಟೇ. "ಅದು ಆಮ್ಯಾಲೆ. ಮೊದ್ಲು ಡಾಕ್ಟರಿಗೆ ಫೋನ್ ಮಾಡು. ಟ್ರೇ ಹಿಡಿ."

ನಾವು ವಾರ್ಡಿಗೆ ಮರಳುವಷ್ಟರಲ್ಲಿ ದೇವಿಕೆಮ್ಮನ ಕಣ್ಣು ಮೇಲೆ ಸಿಕ್ಕಿದ್ದವು. ಇಡೀ ಮೈ ಮಂಚದೊಂದಿಗೆ ಕುಣಿಯುತ್ತಿತ್ತು. ಯಾರೋ ಅವಳ ಕೈಗೆ ಕಬ್ಬಿಣದ ಕೀಲಿ ತುರುಕುತ್ತಿದ್ದರು, ಇನ್ನಾರೋ ಹಲ್ಲಿನ ಮಧ್ಯೆ ಚಮಚ ಇಡಲು ಹೋಗಿದ್ದರು. ಸುವಾರ್ತಮ್ಮ ಎರಡನ್ನೂ ಕಿತ್ತು ಎಸೆದು ಅವಳನ್ನು ಮಗ್ಗುಲಿಗೆ ತಿರುಗಿಸಿ ಹಿಡಿದರು. "ಬಾಯಾಗ ಏನೂ ಇಡಬ್ಯಾಡ್ರಿ. ಗಡಿಯಾರ ನೋಡು" ಎಂದು ನನಗೆ ಹೇಳಿದರು. ನಾನು ಗಡಿಯಾರ ನೋಡಿದೆ. ಸೆಕೆಂಡಿನ ಮುಳ್ಳು ಎರಡು ಸುತ್ತು ಮುಗಿಸಿ ಮೂರನೆಯ ಸುತ್ತಿಗೆ ಹೊರಟಿತ್ತು. ಗಡಿಯಾರವೊಂದು ಅಷ್ಟು ದೊಡ್ಡದಾಗಿ ಕಂಡದ್ದು ಅದೇ ಮೊದಲು. ಡಾಕ್ಟರು ಬಂದರು, ಸೂಜಿ ಹೋಯಿತು, ಮೈ ನಿಧಾನಕ್ಕೆ ಸಡಿಲಾಯಿತು.

ಆ ಹೊತ್ತಿಗೆ ತಮ್ಮ ಟಂಟಂ ತಂದು ನಿಲ್ಲಿಸಿದ್ದ. ಅವನ ಜೊತೆಯ ಇನ್ನಿಬ್ಬರು ಅವಳನ್ನು ಹೊರಲು ಮಂಚದ ಹತ್ತಿರ ಬಂದರು. ನಾನು ಬಾಗಿಲಿಗೆ ಅಡ್ಡ ನಿಂತೆ.

"ಅಣ್ಣಾರ, ಇದು ಗಾಳಿ ಅಲ್ರಿ. ಸೇಂದಿ ಒಮ್ಮೆಲೇ ನಿಂತದ್ದಕ್ಕ ಹಿಂಗ ಆಗೈತಿ."

"ಏ, ಏನಂತ ಮಾತಾಡ್ತಿ? ನಮ್ಮಕ್ಕ ಕುಡುಕಿ ಅಂತೀಯೇನು? ನಾಕು ಜನದಾಗ?"

"ಕುಡುಕಿ ಅನ್ನವಲ್ಲೆ. ನಮ್ಮವ್ವನೂ ಹೊಲಕ್ಕ ಹೋಗಿ ಇದನ್ನ ಕುಡದಾಳ. ನಾ ಅದೇ ವಾಸನಿಯಾಗ ಬೆಳದೀನಿ. ಅದಕ್ಕ ಗೊತ್ತಾತು. ಈಗ ಹೊತ್ಕೊಂಡು ಹೋದ್ರಿ ಅಂದ್ರ ದಾರ ಕಟ್ಟೋದರಾಗ ಹೋಗಿಬಿಡ್ತಾಳ. ಇಲ್ಲೇ ಬಿಡ್ರಿ."

ಬೇರೆ ಊರಿನ ಆ ಇಬ್ಬರು ನರ್ಸುಗಳೂ ಕೇಳಿಸಿಕೊಂಡರು. ಇಡೀ ವಾರ್ಡು ಕೇಳಿಸಿಕೊಂಡಿತು. ಇಷ್ಟು ವರ್ಷ ಯಾವುದಕ್ಕೆ ಹೆದರಿದ್ದೆನೋ ಅದು ಆಗಿಹೋಯಿತು, ಆದರೆ ಅದನ್ನು ನೋಡಲು ನನಗೆ ಪುರುಸೊತ್ತಿರಲಿಲ್ಲ. ನಿಂಗಪ್ಪ ಚಪ್ಪಲಿಗಳನ್ನು ಮಂಚದ ಕೆಳಗೆ ಜೋಡಿಸಿಟ್ಟು ಭಾಮೈದನಿಗೆ ಹೇಳಿದ: "ದಿನಾ ಮೂರು ಸೀಸೆ, ಮಲ್ಲಪ್ಪ. ನಾನೇ ತಂದುಕೊಡ್ತಿದ್ದೆ. ಗಾಡಿ ತಿರುಗಿಸು."

ಸಂಜೆ ಸುವಾರ್ತಮ್ಮ ಕೇಸ್ ಶೀಟು ನನ್ನ ಮುಂದೆ ಇಟ್ಟರು. ನಮ್ಮ ಕೆಲಸದಲ್ಲಿ ಬರೆದದ್ದನ್ನು ಅಳಿಸುವಂತಿಲ್ಲ, ಬಿಳಿ ಬಳಿಯುವಂತಿಲ್ಲ. ತಪ್ಪಿನ ಮೇಲೆ ಒಂದೇ ಗೆರೆ ಎಳೆಯಬೇಕು, ಕೆಳಗಿನದು ಓದಲು ಬರುತ್ತಿರಬೇಕು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಹೊತ್ತು ಹಾಕಿ ಸಹಿ ಮಾಡಬೇಕು. ನಾನು 'ಇಲ್ಲ'ದ ಮೇಲೆ ಗೆರೆ ಎಳೆದೆ. ಗೆರೆಯ ಕೆಳಗೆ ನನ್ನ ದುಂಡು ಅಕ್ಷರ ಸ್ವಚ್ಛವಾಗಿ ಕಾಣುತ್ತಿತ್ತು.

"ಬೈಯ್ರಿ ಸಿಸ್ಟರ್" ಎಂದೆ.

"ಬೈದ್ರ ನಿನಗ ಹಗುರ ಆಗ್ತದ. ಹೋಗಿ ಆಕಿ ಉಸರು ಎಣಿಸು" ಎಂದರು.

ಮುಂದಿನ ಮೂರು ದಿನ ನಾನು ಅದನ್ನೇ ಮಾಡಿದೆ. ಮದ್ದು ಹೆಚ್ಚಾದರೆ ಉಸಿರು ನಿಲ್ಲುತ್ತದೆ, ಕಡಿಮೆಯಾದರೆ ಮತ್ತೆ ಫಿಟ್ಸು. ಆ ಎರಡರ ನಡುವಿನ ಸಣ್ಣ ಬದುವಿನ ಮೇಲೆ ಅವಳು ನಡೆಯುತ್ತಿದ್ದಳು, ನಾನು ಕೆಳಗೆ ಕೈ ಚಾಚಿಕೊಂಡು. ಕಾಲು ಗಂಟೆಗೊಮ್ಮೆ ಎದೆ ಏರಿಳಿಯುವುದನ್ನು ಎಣಿಸಿದೆ. ಕಿಟಕಿಯ ಪರದೆಯ ನೆರಳು ಅವಳಿಗೆ ಹಾವಾಗುತ್ತಿತ್ತು, ಪರದೆ ತೆಗೆದೆವು. ಹೊತ್ತು ಮುಳುಗುವ ಮೊದಲೇ ದೀಪ ಹಾಕಿದೆವು. ನಿಂಗಪ್ಪ ಟವೆಲಿನಿಂದ ಅವಳ ಕೈ ಕಟ್ಟಲು ಹೊರಟಾಗ ಸುವಾರ್ತಮ್ಮ ತಡೆದರು: "ಕಟ್ಟಿದ್ರ ಹೆದರಿಕಿ ಇಮ್ಮಡಿ ಆಗ್ತದ. ಟವೆಲ್ ಬ್ಯಾಡ, ನಿನ್ನ ಕೈ ಕೊಡು."

ಹಾವಿನ ವಿಷಯದಲ್ಲಿ ನನಗೂ ಅವರೇ ದಾರಿ ಹೇಳಿಕೊಟ್ಟರು. ಹಾವಿಲ್ಲ ಎಂದು ಜಗಳ ಮಾಡಬಾರದು, ಹಾವಿದೆ ಎಂದು ಹೊಡೆಯಲೂ ಬಾರದು.

"ದೇವಿಕೆಮ್ಮ, ನಾನು ಸಿಸ್ಟರು. ಇದು ಶಹಾಪುರ ದವಾಖಾನಿ. ಇವತ್ತು ಗುರುವಾರ. ಹಾವು ನಿಮಗ ಕಾಣಾಕತ್ತೈತಿ, ನನಗ ಕಾಣವಲ್ದು. ನಿಮಗ ಹೆದರಿಕಿ ಆಗ್ಯದ. ನಾ ಇಲ್ಲೇ ಕುಂತೀನಿ."

ಇದನ್ನು ಎಷ್ಟು ಸಲ ಹೇಳಿದೆನೋ. ವಾರ ಮಾತ್ರ ಬದಲಾಗುತ್ತಿತ್ತು. ಒಮ್ಮೊಮ್ಮೆ ಅವಳು ನನ್ನ ಕೈ ಹಿಡಿದು, "ನೀ ಎದ್ದು ಹೋಗಬ್ಯಾಡ, ನೀ ಹೋದ್ರ ಅವು ಬರ್ತಾವ" ಎನ್ನುತ್ತಿದ್ದಳು. ನಾನು ಎದ್ದು ಹೋಗಲಿಲ್ಲ. ಹೋದರೆ ನನಗೂ ಬರುತ್ತಿದ್ದವು.

ಶುಕ್ರವಾರ ಸಂಜೆ ಚಹಾ ಕುಡಿಯಲು ಐದು ನಿಮಿಷ ಹೊರಗೆ ಹೋಗಿ ಬಂದೆ. ನಿಂಗಪ್ಪ ಒಂದು ಕೈಯಿಂದ ಹೆಂಡತಿಯ ತಲೆ ಎತ್ತಿ, ಇನ್ನೊಂದು ಕೈಯಲ್ಲಿದ್ದ ನೀರಿನ ಬಾಟಲಿಯನ್ನು ಅವಳ ತುಟಿಗೆ ಹಿಡಿಯುತ್ತಿದ್ದ. ಬಿಳಿ ನೀರು.

"ಏನ್ರಿ ಅದು?"

"ಮಜ್ಜಿಗಿ, ಸಿಸ್ಟರ್ ಬಾಯಾರ."

ಆ ವಾಸನೆ ಬಂತು. ಈ ಸಲ ನಾನು ಶೀಟು ತೆಗೆಯಲಿಲ್ಲ, ಯಾರಿದ್ದಾರೆ ಎಂದು ಆಚೀಚೆ ನೋಡಲಿಲ್ಲ. ಬಾಟಲಿಯನ್ನು ಅವನ ಕೈಯಿಂದ ಕಿತ್ತುಕೊಂಡೆ. ಅರ್ಧ ನನ್ನ ಸೀರೆಯ ಮೇಲೆ ಚೆಲ್ಲಿತು.

"ಸೂಜಿ ಮದ್ದು ಮೈಯಾಗ ಐತಿ. ಇದು ಅದರ ಮ್ಯಾಲೆ ಬಿದ್ರ ಉಸರು ನಿಂದ್ರತೈತಿ. ನಿಮ್ಮ ಕೈಯಾರ ಕೊಲ್ಲಾಕ ಬಂದೀರೇನು?"

ನಿಂಗಪ್ಪ ಮಂಚದ ಕಾಲಿಗೆ ಒರಗಿ ಕುಳಿತ. "ಹಂಗಲ್ರಿ ಬಾಯಾರ. ಮೂರು ದಿನ ಆತು, ನನ್ನ ನೋಡಿ 'ನೀ ಯಾರಪ್ಪ' ಅಂತಾಳ. ನಾಕು ಗುಟುಕು ಕುಡದ್ರ ನನ್ನ ಗುರ್ತು ಹಿಡಿತಾಳ ಅಂತ..." ಗಡ್ಡದೊಳಗೆ ಕಣ್ಣೀರು ಇಳಿದು ಹೋಯಿತು.

ಅಂದು ಆ ಸೀರೆಯನ್ನು ಬದಲಿಸಲು ಪುರುಸೊತ್ತಾಗಲಿಲ್ಲ. ಇಡೀ ಸಂಜೆ ನನ್ನಿಂದಲೇ ಅವ್ವನ ವಾಸನೆ ಬರುತ್ತಿತ್ತು.

ಶನಿವಾರ ಬಿಸಿಲೇರಿದ ಮೇಲೆ ದೇವಿಕೆಮ್ಮ ಕಣ್ಣು ಬಿಟ್ಟು ಗಂಡನನ್ನು ಬಹಳ ಹೊತ್ತು ನೋಡಿದಳು. "ಗಡ್ಡ ತಗಸೋ ಮಾರಾಯ, ಕರಡಿ ಕಂಡಂಗ ಕಾಣಾಕತ್ತೀದಿ" ಎಂದಳು. ನಿಂಗಪ್ಪ ಹೊರಗೆ ಹೋಗಿ ಅತ್ತು ಬಂದ.

ಅವಳಿಗೆ ನಾನು ಹೇಳಲೇಬೇಕಿತ್ತು. ಅವನಿಲ್ಲದಾಗ ಹೇಳಿದೆ. "ಮೊದಲನೇ ದಿನಾನೇ ನನಗ ಗೊತ್ತಾಗಿತ್ರಿ. ಬರೀಲಿಲ್ಲ. ಅದಕ್ಕ ನಿಮಗ ಇಷ್ಟೆಲ್ಲ ಆತು."

"ನಿನಗ ಗೊತ್ತಾಗೈತಿ ಅಂತ ನನಗೂ ಗೊತ್ತಾಗಿತ್ತು. ಮೂಗು ಅಳ್ಳಾಡಿಸಿದಿ."

"ಮತ್ತ್ಯಾಕ ಹೇಳಲಿಲ್ರಿ?"

"ನೀ ಕೇಳಲಿಲ್ಲಲ್ಲವ್ವಾ."

ಇದಾದ ಮೇಲೆ ಮುಂದಿನ ಕೆಲಸ ಸುಲಭ ಎಂದುಕೊಂಡಿದ್ದೆ. ಯಾದಗಿರಿಯಿಂದ ವಾರಕ್ಕೊಮ್ಮೆ ಮಾನಸಿಕ ರೋಗದ ಡಾಕ್ಟರು ಬರುತ್ತಿದ್ದರು. ಇವಳೊಂದಿಗೆ ದಿನಾ ಅರ್ಧ ಗಂಟೆ ಮಾತಾಡಬೇಕು ಎಂದು ನನಗೇ ಒಪ್ಪಿಸಿದರು. ನಾನು ಹಳೆಯ ನೋಟ್ಸ್ ತೆಗೆದು ಓದಿಕೊಂಡು ಹೋಗಿ ಮಿದುಳು, ಯಕೃತ್ತು, ನರ ಎಲ್ಲದರ ಮೇಲೂ ಭಾಷಣ ಕೊಟ್ಟೆ. ದೇವಿಕೆಮ್ಮ ಪ್ರತಿ ಮಾತಿಗೂ "ಹೌದ್ರಿ, ಖರೇ ಅದ್ರಿ, ಬಿಟ್ಟೆ ಅಂತ ತಿಳಿರಿ" ಎಂದಳು. ಅದುವರೆಗೆ ನನ್ನನ್ನು ನೀನು ಎನ್ನುತ್ತಿದ್ದವಳು 'ರಿ' ಹಚ್ಚಿ ಮಾತಾಡಿದ್ದನ್ನು ನಾನು ಗಮನಿಸಲಿಲ್ಲ. ಡಾಕ್ಟರಿಗೆ ಹೆಮ್ಮೆಯಿಂದ ವರದಿ ಒಪ್ಪಿಸಿದೆ.

ಡಾಕ್ಟರು ನಕ್ಕರು. "ಎಲ್ಲಾದಕ್ಕೂ ಹೌದು ಅಂದ್ಳಾ? ಹಂಗಾದ್ರ ಆಕಿ ನಿಮ್ಮನ್ನ ಬಾಗಿಲಿಂದನ ಕಳಿಸ್ಯಾಳ. ನಾಳಿ ಒಂದೇ ಪ್ರಶ್ನೆ ಕೇಳ್ರಿ. ಬಿಡಬೇಕು ಅನ್ನೋ ಮನಸ್ಸು ಹತ್ತಕ್ಕ ಎಷ್ಟು ಐತಿ ಅಂತ. ಆಕಿ ಎಷ್ಟರ ಹೇಳಲಿ, ಜಾಸ್ತಿ ಯಾಕಿಲ್ಲ ಅನಬ್ಯಾಡ್ರಿ. ಅಷ್ಟರ ಯಾಕೈತಿ, ಸೊನ್ನಿ ಯಾಕಲ್ಲ ಅಂತ ಕೇಳ್ರಿ. ಆಮ್ಯಾಲೆ ಸುಮ್ನ ಕೂಡ್ರಿ."

ಮರುದಿನ ಕೇಳಿದೆ. ದೇವಿಕೆಮ್ಮ ಯೋಚಿಸಿ ಮೂರು ಬೆರಳು ಎತ್ತಿದಳು.

"ಮೂರು ಯಾಕ್ರಿ? ಸೊನ್ನಿ ಯಾಕಲ್ಲ?"

ಈ ಸಲ 'ಹೌದ್ರಿ' ಬರಲಿಲ್ಲ. ಅವಳು ಕಿಟಕಿಯ ಆಚೆ ನೋಡಿದಳು. ರಸ್ತೆಯಲ್ಲಿ ಹತ್ತಿಯ ಟ್ರಾಲಿಯೊಂದು ಹೋಯಿತು. ನನಗೆ ಮಾತಾಡಬೇಕೆಂದು ತುಟಿ ತುರಿಸುತ್ತಿತ್ತು. ಸುಮ್ಮನೆ ಕುಳಿತೆ.

"ಅವತ್ತು ಮುಂಜಾನಿ ಕೈ ಭಾಳ ನಡಗಾಕತ್ತಿದ್ವು. ಗಾಡಿ ಹತ್ತೂ ಮೊದ್ಲ ಒಂದು ಸೀಸೆ ಕುಡದೆ. ಹೊಲ ಬಂತು. ಯಲ್ಲವ್ವ ಅಂತ ಒಬ್ಬಾಕಿ ಬಾಣಂತಿ ಅದಾಳ, ನಾಕು ತಿಂಗಳ ಕೂಸು. ಆಕಿ ಇಳಿಯೂತನ ಕೂಸು ನಾ ಹಿಡದಿದ್ದೆ. ಕೆಳಗ ಆಕಿ ಕೈಯಾಗ ಕೊಟ್ಟೆ. ಕೊಟ್ಟೆ, ಬಿದ್ದೆ." ಅವಳು ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡಳು. "ಎಲ್ಲಾರೂ ಟ್ರಾಲಿ ಅಂಚು ಜಾರತು ಅಂತಾರ. ಜಾರಿಲ್ಲವ್ವ. ನನಗ ಕಣ್ಣಾಗ ಕತ್ತಲಿ ಬಂದಿತ್ತು. ಕೂಸು ಕೈಯಾಗಿದ್ದಾಗನ ಬಂದಿತ್ತು."

ಏನೂ ಆಗಲಿಲ್ಲವಲ್ಲ, ಕೂಸು ಉಳಿಯಿತಲ್ಲ ಎಂದು ಹೇಳಲು ನಾನು ಬಾಯಿ ತೆರೆದೆ. ಮುಚ್ಚಿದೆ. ಆ ಹೆದರಿಕೆಯೇ ಅವಳ ಮೂರು. ನಾನು ಸಮಾಧಾನ ಹೇಳಿ ಅದನ್ನು ಒರೆಸಿಬಿಟ್ಟರೆ ಅವಳ ಬಳಿ ಏನೂ ಉಳಿಯುತ್ತಿರಲಿಲ್ಲ.

"ಆ ಕೂಸಿನ ತೂಕ ಇನ್ನೂ ಕೈಯಾಗ ಐತ್ರೇನು?" ಎಂದಷ್ಟೇ ಕೇಳಿದೆ.

ಅವಳು ಮೊದಲ ಸಲ ಅತ್ತಳು.

ಕಾಲಿನ ಆಪರೇಷನ್ ಆಯಿತು. ಗುಳಿಗೆಯನ್ನು ದಿನದಿನಕ್ಕೆ ಇಳಿಸುತ್ತಾ ಬಂದರು. ಸಂಕ್ರಾಂತಿಯ ಹೊತ್ತಿಗೆ ಅವಳು ಮನೆಗೆ ಹೋದಳು. ತಿಂಗಳ ತಪಾಸಣೆಗೆ ಬಂದಾಗ ಗೇಟಿನಿಂದಲೇ ನನಗೆ ಬೆರಳು ಎತ್ತಿ ತೋರಿಸುತ್ತಿದ್ದಳು. ಒಮ್ಮೆ ಐದು. ಮುಂದಿನ ಸಲ ಆರು. ಅದರ ಮುಂದಿನ ಸಲ ನಿಂಗಪ್ಪ ಒಬ್ಬನೇ ಬಂದು ಗುಳಿಗೆ ತೆಗೆದುಕೊಂಡು, ಹೋಗುವಾಗ ತಿರುಗಿ ನಿಂತು, "ನಾಕು ಅಂತ ಹೇಳಂದಾಳ್ರಿ ಬಾಯಾರ, ಸುಳ್ಳ ಹೇಳಬ್ಯಾಡ ಅಂದಾಳ" ಎಂದ. ಆಮೇಲೆ ನನಗೆ ಸರ್ಕಾರಿ ನೌಕರಿ ಆಗಿ ಯಾದಗಿರಿಗೆ ಹೋದೆ. ಮುಂದಿನ ಅಂಕಿ ನನಗೆ ಗೊತ್ತಿಲ್ಲ.

ಅಂದಿನಿಂದ ನನ್ನ ಕೈಗೆ ಬಂದ ಯಾವ ಹೆಂಗಸಿಗೂ ನಾನು ಆ ಪ್ರಶ್ನೆ ಬಿಟ್ಟಿಲ್ಲ. ಮನೆಯವರನ್ನು ಹೊರಗೆ ಕಳಿಸಿ ಕೇಳುತ್ತೇನೆ. ಕುಡಿಯುತ್ತೀರಾ ಎನ್ನುವುದಿಲ್ಲ, ದಿನಕ್ಕೆ ಎಷ್ಟು ಎನ್ನುತ್ತೇನೆ. ಎಷ್ಟೋ ಹೆಂಗಸರನ್ನು ಕೇಳಿದ್ದೇನೆ. ಒಬ್ಬಳನ್ನು ಬಿಟ್ಟು.

ಅವ್ವ ಬಿಟ್ಟು ಬಹಳ ವರ್ಷವಾಯಿತು ಎಂದು ಅವ್ವನೇ ಹೇಳಿದ್ದಳು. ನನಗೆ ನೌಕರಿ ಆದ ದಿನ ಹೇಳಿದ್ದಳು. ನಾನು ನಂಬಿದ್ದೆ. ಹಬ್ಬಕ್ಕೆ ಊರಿಗೆ ಹೋದಾಗೆಲ್ಲ ಅವಳ ಬಾಯಲ್ಲಿ ಲವಂಗ ಇರುತ್ತಿತ್ತು. ಹಲ್ಲುನೋವಿಗೆ ಎನ್ನುತ್ತಿದ್ದಳು. ಅವಳಿಗೆ ಈಗ ಇರುವುದು ಆರು ಹಲ್ಲು.

"ಮೇಡಂ? ಇಲ್ಲಂತ ಬರೀಲೇನ್ರಿ?" ಸಿಸ್ಟರ್ ಮತ್ತೆ ಕೇಳಿದಳು.

ಮರುದಿನ ಬೆಳಿಗ್ಗೆ ಆಪರೇಷನ್ ಇತ್ತು. ಆಮೇಲೆ ಐದಾರು ದಿನ ಇದೇ ಮಂಚ. ಮೂರನೆಯ ದಿನ ಹೇಗಿರುತ್ತದೆ ಎಂದು ನನಗಿಂತ ಚೆನ್ನಾಗಿ ಬಲ್ಲವರು ಆ ವಾರ್ಡಿನಲ್ಲಿ ಇರಲಿಲ್ಲ. ಅವ್ವ ಹೊದಿಕೆಯಿಂದ ಹತ್ತಿ ಬಿಡಿಸುವುದು ನನ್ನ ಕಣ್ಣಿಗೆ ಕಟ್ಟಿತು. ಆ ಕೈಗಳಿಗೆ ಆ ಕೆಲಸ ಕಲಿಸಬೇಕಾಗಿಯೇ ಇಲ್ಲ.

"ಬರೀಬ್ಯಾಡ್ರಿ" ಎಂದೆ. "ನನ್ನ ಕೇಳಬ್ಯಾಡ್ರಿ, ಅವ್ವನ್ನ ಕೇಳ್ರಿ. ಇಲ್ಲಲ್ಲ ಅಂತ ಕೇಳಬ್ಯಾಡ್ರಿ. ದಿನಕ್ಕ ಎಷ್ಟು ಅಂತ ಕೇಳ್ರಿ. ನಾ ಹೊರಗಿರ್ತೀನಿ."

ಅವ್ವ ಗೋಡೆಯಿಂದ ಮುಖ ತಿರುಗಿಸಿ ನನ್ನನ್ನು ನೋಡಿದಳು. ಬೈಯುವ ನೋಟವಲ್ಲ. ನನ್ನನ್ನು ಮೊದಲ ಸಲ ಶಾಲೆಯಲ್ಲಿ ಬಿಟ್ಟು ಅವಳು ಹೊರಟಾಗ ನಾನು ಅವಳನ್ನು ಹಾಗೆ ನೋಡಿದ್ದಿರಬೇಕು.

ಮಂಚದ ಸುತ್ತಲಿನ ಪರದೆ ಎಳೆದು ಹೊರಗೆ ಬಂದು ಗೋಡೆಗೆ ಬೆನ್ನು ಕೊಟ್ಟು ನಿಂತೆ. ಒಳಗೆ ಸಿಸ್ಟರಿನ ದನಿ ಕೇಳಿಸಿತು. ಅವ್ವನ ದನಿ ಕೇಳಿಸಲಿಲ್ಲ. ಎದುರಿಗೆ ಅದೇ ಗಡಿಯಾರ. ಸೆಕೆಂಡಿನ ಮುಳ್ಳು ಒಂದು ಸುತ್ತು ಮುಗಿಸಿತು, ಎರಡನೆಯದು ಮುಗಿಸಿತು. ಉಸಿರು ಎಣಿಸುವ ಅಭ್ಯಾಸ, ನನ್ನದನ್ನೇ ಎಣಿಸಿದೆ.

ಸಿಸ್ಟರ್ ಹೊರಗೆ ಬಂದಳು. ಶೀಟನ್ನು ಎದೆಗೆ ಅವಚಿಕೊಂಡಿದ್ದಳು, ನನ್ನ ಮುಖ ನೋಡಲಿಲ್ಲ. "ಡಾಕ್ಟರಿಗೆ ಹೇಳಿ ಬರ್ತೀನ್ರಿ ಮೇಡಂ" ಎಂದು ಬೇಗ ಬೇಗ ಹೋದಳು.

ಒಳಗೆ ಹೋದೆ. ಅವ್ವ ಅಂಗಾತ ಮಲಗಿ ಸೂರು ನೋಡುತ್ತಿದ್ದಳು. ಬಾಯಲ್ಲಿ ಲವಂಗ ಇರಲಿಲ್ಲ, ಉಗುಳಿದ್ದಳು. ನಾನು ಸ್ಟೂಲು ಎಳೆದುಕೊಂಡು ಕುಳಿತೆ. ಹೊದಿಕೆಯ ಮೇಲಿದ್ದ ಅವಳ ಕೈ ಅಲ್ಲಾಡಿತು. ದಿನದ ಸೀಸೆಯ ಲೆಕ್ಕಕ್ಕೆ ಎರಡು ಬೆರಳು ಎತ್ತಿದಳು. ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದಳು.

ಆಮೇಲೆ ಮೆಲ್ಲಗೆ, ನಡುಗುತ್ತಾ, ಮೂರನೆಯದೂ ಎದ್ದಿತು.